ಹಿತ್ತಲ ಕೋಳಿ ಗೂಡಿಗೆ ಚಳಿಗಾಲದ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಲಲ್ಲಿ ಐದರಿಂದ ಇಪ್ಪತ್ತು ಕೋಳಿ ಸಾಕಿಕೊಂಡಿರುವವರಿಗಾಗಿ ಇದನ್ನು ಬರೆದಿರುವುದು. ಸಾವಿರಾರು ಕೋಳಿಯ ಫಾರಂ ಲೆಕ್ಕವೇ ಬೇರೆ, ಅದು ಇಲ್ಲಿಲ್ಲ. ನಾಟಿ ಕೋಳಿ, ಗಿರಿರಾಜ, ಸ್ವರ್ಣಧಾರ, ಯಾವುದಿದ್ದರೂ ಮುಕ್ಕಾಲು ಪಾಲು ಮಾತು ಎಲ್ಲಕ್ಕೂ ಹೊಂದುತ್ತದೆ. ಹೊಂದದ ಕಡೆ ಹೇಳಿದ್ದೇನೆ.

ನಮ್ಮ ಕರ್ನಾಟಕದ ಚಳಿಗೆ ಕೋಳಿ ಗೂಡಿಗೂ ತಯಾರಿ ಬೇಕಾ?

ಬೇಕು. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಬೆಳೆದ ಕೋಳಿಯ ಮೈಬಿಸಿಯೇ 41–42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪುಕ್ಕ ಉಬ್ಬಿಸಿಕೊಂಡು ಕೂತರೆ ಕಂಬಳಿ ಹೊದ್ದ ಹಾಗೆ. ಬೆಂಗಳೂರು, ಮೈಸೂರು ಕಡೆ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಬೀದರ್, ವಿಜಯಪುರದಲ್ಲಿ ಕೆಲವು ರಾತ್ರಿ 10ಕ್ಕಿಂತ ಕೆಳಗಿಳಿಯುತ್ತದೆ. ಇಷ್ಟಕ್ಕೆಲ್ಲ ಮೈ ಒಣಗಿರುವ ಕೋಳಿ ಜಗ್ಗುವುದಿಲ್ಲ.

ಜಗ್ಗಿಸುವುದು ತೇವ. ಒದ್ದೆ ಹಾಸು (ಗೂಡಿನ ನೆಲಕ್ಕೆ ಹರಡುವ ಹೊಟ್ಟು), ಮುಚ್ಚಿದ ಗೂಡಿನ ಕೆಟ್ಟ ಗಾಳಿ, ಬೆಳಗಿನ ಜಾವದ ಮಂಜು, ಇವು ಸೇರಿದರೆ ಕೋಳಿ ನೆಗಡಿ ಹಿಡಿದು ಗೊರಗುಟ್ಟಲು ಶುರು ಮಾಡುತ್ತದೆ. ಜನ ಅದನ್ನು ನೋಡಿ ‘ಚಳಿಗೆ ಹೀಗಾಯಿತು’ ಅಂತ ಗೂಡನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಾರೆ. ರೋಗ ಇನ್ನೂ ಜಾಸ್ತಿಯಾಗುತ್ತದೆ. ಗೂಡಿನಲ್ಲಿ ಗಾಳಿ ಬೀಸಬಾರದು, ಆದರೆ ಗಾಳಿ ಆಡಬೇಕು. ಕೆಳಗೆ ಬರುವ ಉತ್ತರಗಳಲ್ಲಿ ಅರ್ಧಕ್ಕರ್ಧ ಇದರ ಸುತ್ತಲೇ ತಿರುಗುತ್ತವೆ.

ಮರಿಗಳ ವಿಷಯ ಬೇರೆ. ಅವುಗಳಿಗೆ ಚಳಿ ನಿಜಕ್ಕೂ ಪ್ರಾಣಕ್ಕೆ ಬರುತ್ತದೆ.

ಯಾವಾಗ ಶುರು ಮಾಡಬೇಕು?

ದಸರಾ ಕಳೆದು ಮಳೆ ಹಿಡಿತಕ್ಕೆ ಬಂದ ಮೇಲೆ, ದೀಪಾವಳಿಯೊಳಗೆ ಮುಗಿಸಿ. ಮನೆಗೆ ಸುಣ್ಣ ಬಣ್ಣ ಮಾಡುವಾಗಲೇ ಗೂಡಿಗೂ ಒಂದು ಕೈ ಸುಣ್ಣ ಬಳಿದರೆ ಒಂದೇ ಖರ್ಚಿನಲ್ಲಿ ಆಗುತ್ತದೆ. ಹಿಂಗಾರು ಮಳೆ ಚೆನ್ನಾಗಿ ಬೀಳುವ ಕಡೆ ನವೆಂಬರ್‌ನಲ್ಲೂ ಹಾಸು ಒದ್ದೆಯಾಗಬಹುದು. ಅಂಥ ಕಡೆ ಹಾಸನ್ನು ಮಾತ್ರ ಕೊನೆಗೆ ಬದಲಾಯಿಸಿ, ಉಳಿದ ರಿಪೇರಿ ಮೊದಲೇ ಮಾಡಿಕೊಳ್ಳಿ.

ಗೂಡಿಗೆ ಗೋಣಿಚೀಲ ಕಟ್ಟುತ್ತೇವೆ. ಸಾಕಲ್ವಾ?

ಗೋಣಿ ಒಳ್ಳೆಯದೇ. ಕಟ್ಟುವ ರೀತಿ ಮುಖ್ಯ. ಎಲ್ಲರೂ ಮೇಲಿನಿಂದ ಇಳಿಬಿಡುತ್ತಾರೆ. ಮೇಲೆ ಬಿಗಿಯಾಗಿ ಮೊಳೆ, ಕೆಳಗೆ ಸಡಿಲ. ಆಗ ತಣ್ಣನೆಯ ಗಾಳಿ ಕೆಳಗಿನ ಸಂದಿಯಿಂದ ನೇರ ಕೋಳಿಯ ಮೈಗೆ ಹೊಡೆಯುತ್ತದೆ. ಕೋಳಿ ಬಿಟ್ಟ ಬಿಸಿ ಉಸಿರು ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ. ಪೂರಾ ಉಲ್ಟಾ ಕೆಲಸ.

ಗೋಣಿಯನ್ನು ಕೆಳಗಡೆ ರೀಪರಿಗೆ ಬಿಗಿದು, ಮೇಲಕ್ಕೆ ಎತ್ತಿ ಕಟ್ಟುವ ಹಾಗೆ ಮಾಡಿ. ಕೋಳಿ ಅಟ್ಟದ (ರಾತ್ರಿ ಕೂರುವ ಅಡ್ಡಪಟ್ಟಿಯ) ಮೇಲೆ ಕೂತಾಗ ಅದರ ತಲೆಗಿಂತ ಅರ್ಧ ಅಡಿ ಎತ್ತರದವರೆಗೆ ಗೋಣಿ ಬರಲಿ. ಅದರ ಮೇಲೆ, ಮಾಡಿನ ಕೆಳಗೆ, ಮುಕ್ಕಾಲು ಅಡಿಯಿಂದ ಒಂದು ಅಡಿ ಬರೀ ಜಾಲರಿ ಇರಲಿ. ದೊಡ್ಡ ಫಾರಂಗಳಲ್ಲಿ ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವುದೂ ಇದೇ ಕಾರಣಕ್ಕೆ.

ಪ್ಲಾಸ್ಟಿಕ್ ಶೀಟು, ತಾಡಪಾಲು ಕಟ್ಟಿದರೆ ಒಳಗಡೆ ನೀರು ಹನಿಗಟ್ಟುತ್ತದೆ. ಮಂಜು ಸುರಿಯುವ ಕೊಡಗು, ಸಕಲೇಶಪುರದ ಕಡೆ ಹೊರಗಿನಿಂದ ತೋಯುವುದನ್ನು ತಪ್ಪಿಸಲು ಪ್ಲಾಸ್ಟಿಕ್ ಬೇಕೇ ಬೇಕು ಅನ್ನಿಸಬಹುದು. ಹಾಗಿದ್ದರೆ ಅದನ್ನು ಗೂಡಿಗೆ ತಾಗಿಸಿ ಕಟ್ಟಬೇಡಿ. ಒಂದು ಗೇಣು ಹೊರಗೆ, ಚಪ್ಪರದ ಅಂಚಿನಿಂದ ಇಳಿಬಿಡಿ.

ಯಾವ ಕಡೆ ಮುಚ್ಚಬೇಕು?

ಬಯಲುಸೀಮೆಯಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ ಬರುತ್ತದೆ. ಮೂಡಗಾಳಿ ಅಂತ ಹಿರಿಯರು ಬೈಯುವುದು ಇದನ್ನೇ. ಗೂಡಿನ ಪೂರ್ವ, ಉತ್ತರ ಎರಡೂ ಕಡೆ ಮುಚ್ಚಿ. ಆದರೆ ಬೆಳಗಿನ ಎಳೆ ಬಿಸಿಲು ಬರುವುದೂ ಪೂರ್ವದಿಂದಲೇ ಅಲ್ವಾ? ಅದಕ್ಕೇ ಪೂರ್ವದ ಗೋಣಿ ದಿನಾ ಬಿಚ್ಚುವಂತಿರಬೇಕು. ಬಿಸಿಲು ಬಿದ್ದ ತಕ್ಷಣ ಇಳಿಸಿ, ಸಂಜೆ ಕೋಳಿ ಗೂಡು ಸೇರಿದ ಮೇಲೆ ಎತ್ತಿ. ಅಷ್ಟು ಮಾಡಲು ಪುರುಸೊತ್ತಿಲ್ಲದವರು ಪೂರ್ವ ಬಿಟ್ಟು ಉತ್ತರ ಮಾತ್ರ ಮುಚ್ಚಿದರೂ ನಡೆಯುತ್ತದೆ. ಬಿಸಿಲು ಬೀಳದ ಗೂಡಿಗಿಂತ ಸ್ವಲ್ಪ ಗಾಳಿ ಬೀಸುವ ಗೂಡೇ ವಾಸಿ.

ಬೆಳಗಾಗುವ ಹೊತ್ತಿಗೆ ತಗಡಿನ ಮಾಡಿನಿಂದ ನೀರು ತೊಟ್ಟಿಕ್ಕುತ್ತದೆ. ಮಳೆ ಇಲ್ಲ, ತೂತೂ ಇಲ್ಲ. ಏನಿದು?

ಕೋಳಿಯ ಉಸಿರು. ಶುಭ್ರ ಆಕಾಶವಿರುವ ರಾತ್ರಿ ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಕೋಳಿಗಳ ಉಸಿರಿನ ತೇವ, ಹಿಕ್ಕೆಯಿಂದ ಏಳುವ ತೇವ ಎರಡೂ ಅದಕ್ಕೆ ತಾಗಿ ಹನಿಯಾಗುತ್ತವೆ. ಬೆಳಗಿನ ಜಾವ ಟಾರ್ಚ್ ಹಿಡಿದು ನೋಡಿ. ಶೀಟಿನ ಏರಿಳಿತದ ಗುಂಟ ಹನಿಗಳು ಸಾಲಾಗಿ ಜಾರಿ, ರೀಪರು ಅಡ್ಡ ಬಂದ ಕಡೆ ನಿಂತು, ಅಲ್ಲಿಂದ ಕೆಳಗೆ ಬೀಳುತ್ತವೆ. ಹಾಸಿನ ಮೇಲೆ ಒಂದೇ ಗೆರೆಯಲ್ಲಿ ಕಪ್ಪು ತೇಪೆ ಕಂಡರೆ ಕಾರಣ ಇದೇ.

ತಗಡಿನ ಮೇಲೆ ಅಡಿಕೆ ಸೋಗೆ, ತೆಂಗಿನ ಗರಿ ಅಥವಾ ಹುಲ್ಲು ಹೊದಿಸಿ ಕಲ್ಲು ಹೇರಿ. ತಗಡು ಅಷ್ಟು ತಣ್ಣಗಾಗುವುದಿಲ್ಲ, ಹನಿಯೂ ಕಡಿಮೆ. ಕೆಲವರು ತಗಡಿನ ಒಳಮೈಗೆ ಹುಲ್ಲು ಸಿಕ್ಕಿಸುತ್ತಾರೆ. ಬೇಡ. ಇಲಿಗೂ ರಕ್ತ ಹೀರುವ ನುಸಿಗೂ ಮನೆ ಕಟ್ಟಿಕೊಟ್ಟ ಹಾಗೆ. ಹಂಚಿನ ಮಾಡಿನಲ್ಲಿ ಈ ತಾಪತ್ರಯ ಕಡಿಮೆ, ಸಂದಿಯಲ್ಲಿ ಗಾಳಿ ಆಡುತ್ತದೆ.

ಹಾಸು ಎಷ್ಟು ದಪ್ಪ ಇರಬೇಕು? ಯಾವುದು ಒಳ್ಳೆಯದು?

ಬೇಸಿಗೆಯಲ್ಲಿ ಎರಡು ಅಂಗುಲ ಸಾಕು. ಚಳಿಗೆ ನಾಲ್ಕು ಅಂಗುಲ ಹಾಕಿ. ಭತ್ತದ ಹೊಟ್ಟು ಎಲ್ಲಕ್ಕಿಂತ ಸುಲಭ. ಅಕ್ಕಿ ಗಿರಣಿಯಲ್ಲಿ ಸಿಗುತ್ತದೆ, ಬೇಗ ಒಣಗುತ್ತದೆ. ಕಡಲೆಕಾಯಿ ಸಿಪ್ಪೆ ಚೆನ್ನಾಗಿದೆ, ಆದರೆ ಬೂಷ್ಟು ಹಿಡಿದದ್ದು ಬೇಡ. ಮರದ ಹೊಟ್ಟು ತೀರಾ ನುಣ್ಣಗಿದ್ದರೆ ದೂಳು ಎದ್ದು ಮೂಗು ಕಟ್ಟುತ್ತದೆ. ಮರಿಗಳು ಅದನ್ನು ತಿಂದೂಬಿಡುತ್ತವೆ. ತೆಂಗಿನ ನಾರಿನ ಪುಡಿ ನೀರು ಹೀರುವುದರಲ್ಲಿ ಜೋರು, ಬಿಡುವುದರಲ್ಲಿ ಸೋಮಾರಿ. ಚಳಿಗಾಲಕ್ಕೆ ನನಗೆ ಅದು ಸೇರದು.

ಹಾಸು ಸರಿಯಿದೆಯಾ ಅಂತ ತಿಳಿಯಲು ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಿರಿ. ಕೈ ಬಿಚ್ಚಿದಾಗ ಮೆಲ್ಲಗೆ ಬಿರಿದು ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ಒದ್ದೆ. ಹಿಡಿಗೇ ಸಿಗದೆ ಪುಡಿಯಾಗಿ ಹಾರಿದರೆ ಜಾಸ್ತಿ ಒಣಗಿದೆ. ವಾರಕ್ಕೆರಡು ಸಲ ಕುಂಟೆಯಲ್ಲೋ ಕೋಲಿನಲ್ಲೋ ಕೆದಕಿ ಮಗುಚಿ. ನೀರಿನ ಪಾತ್ರೆಯ ಸುತ್ತ ಗಟ್ಟಿಯಾಗಿ ಕಟ್ಟಿದ ಹೆಂಟೆಯನ್ನು ಎತ್ತಿ ಎಸೆದು, ಸ್ವಲ್ಪ ಅರಳಿದ ಸುಣ್ಣದ ಪುಡಿ ಉದುರಿಸಿ, ಮೇಲೆ ಹೊಸ ಹೊಟ್ಟು ಹಾಕಿ.

ಗೂಡಿನಲ್ಲಿ ಘಾಟು ಬರುತ್ತದೆ. ಎಷ್ಟರವರೆಗೆ ಪರವಾಗಿಲ್ಲ?

ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಗೋಣಿ ಇಳಿಸುವ ಮುಂಚೆ ಕುಕ್ಕರುಗಾಲಲ್ಲಿ ಕೂತು, ಮುಖವನ್ನು ಕೋಳಿಯ ಎತ್ತರಕ್ಕೆ ತನ್ನಿ. ಕಣ್ಣು ಚುರುಗುಟ್ಟಿದರೆ ಅದು ಅಮೋನಿಯ. ನಿಮಗೆ ಒಂದು ನಿಮಿಷಕ್ಕೇ ಉರಿ, ಕೋಳಿ ರಾತ್ರಿಯಿಡೀ ಅದನ್ನೇ ಉಸಿರಾಡಿದೆ. ಅಮೋನಿಯ ಉಸಿರುನಾಳದ ಒಳಪದರವನ್ನು ಕೆಡಿಸುತ್ತದೆ. ಆಮೇಲೆ ಬರುವ ಸೋಂಕಿಗೆ ಬಾಗಿಲು ತೆರೆದೇ ಇರುತ್ತದೆ. ಒದ್ದೆ ಹಾಸು ತೆಗೆಯಿರಿ, ಮೇಲಿನ ಜಾಲರಿ ಅಗಲ ಮಾಡಿ. ಊದುಬತ್ತಿ, ಸಾಂಬ್ರಾಣಿ ಹೊಗೆ ಇದಕ್ಕೆ ಮದ್ದಲ್ಲ.

ರಾತ್ರಿ ಬಲ್ಬ್ ಹಾಕಲೇಬೇಕಾ?

ಬೆಳೆದ ಕೋಳಿಗೆ ಬೇಡ. ಸುಮ್ನೆ ಕರೆಂಟ್ ಬಿಲ್ಲು. ಮೇಲಾಗಿ ಬಿಸಿ ಬಲ್ಬು, ಒಣ ಹೊಟ್ಟು, ಗೋಣಿ ಮೂರೂ ಒಂದೇ ಕಡೆ ಇದ್ದರೆ ಬೆಂಕಿ ಹತ್ತಲು ಹೊತ್ತು ಬೇಡ. ಮರಿಗಳಿಗೆ ಮಾತ್ರ ಬೇಕು.

ಮರಿಗಳಿಗೆ ಎಷ್ಟು ಬಿಸಿ, ಎಷ್ಟು ದಿನ?

ತಾಯಿ ಕೋಳಿ ಜೊತೆಗಿದ್ದರೆ ಈ ಪ್ರಶ್ನೆಯೇ ಇಲ್ಲ. ಕರೆಂಟ್ ಹೋದರೂ ಅದರ ರೆಕ್ಕೆ ಬಿಸಿಯಾಗಿಯೇ ಇರುತ್ತದೆ. ತಾಯಿ, ಮರಿ ಎರಡನ್ನೂ ರಾತ್ರಿ ಮಂಕರಿಯಲ್ಲಿ ಕವುಚಿ, ಕೆಳಗೆ ಒಣ ಹುಲ್ಲು ಹಾಕಿದರೆ ಆಯಿತು. ಮಂಕರಿ ಮೇಲೆ ಗೋಣಿ ಹೊದಿಸುವವರು ಒಂದು ಪಕ್ಕ ಬಿಟ್ಟು ಹೊದಿಸಿ.

ಹ್ಯಾಚರಿಯಿಂದ ಒಂದು ದಿನದ ಮರಿ ತಂದಿದ್ದರೆ ಮೊದಲ ವಾರ 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಪುಕ್ಕ ಪೂರ್ತಿ ಬರುವವರೆಗೆ, ಅಂದರೆ ಚಳಿಗಾಲದಲ್ಲಿ ನಾಲ್ಕೈದು ವಾರ, ರಾತ್ರಿ ಹೊತ್ತು ಬಿಸಿ ಬೇಕಾಗುತ್ತದೆ. ಮರಿಗೆ 2 ವ್ಯಾಟ್ ಅಂತ ಲೆಕ್ಕ ಇಟ್ಟುಕೊಳ್ಳಿ. 25–30 ಮರಿಗೆ 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು ಒಂದು ಸಾಕು.

ಇಲ್ಲಿ ಒಂದು ಮಾತು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಅಂಗಡಿಯಲ್ಲಿ ಈಗ ತಂತಿ ಬಲ್ಬು ಸಿಗುವುದೇ ಕಡಿಮೆ. ಸಿಕ್ಕಿದ ಎಲ್‌ಇಡಿ ತಂದು ಕಟ್ಟಿ, ಗೂಡೆಲ್ಲ ಝಗಮಗ ಅನ್ನುವಾಗಲೂ ಮರಿಗಳು ಚಳಿಗೆ ಸಾಯುವುದುಂಟು. ತಂತಿ ಬಲ್ಬು ಸಿಗದಿದ್ದರೆ ಇನ್‌ಫ್ರಾರೆಡ್ ಬಲ್ಬೋ ಸೆರಾಮಿಕ್ ಹೀಟರೋ ತನ್ನಿ. ಅವು ವಿಪರೀತ ಬಿಸಿಯಾಗುತ್ತವೆ, ಪಿಂಗಾಣಿ ಹೋಲ್ಡರೇ ಆಗಬೇಕು. ವೈರಿನ ಮೇಲೆ ಭಾರ ಬಿಡದೆ ಸರಪಳಿಯಲ್ಲೋ ಕಟ್ಟುತಂತಿಯಲ್ಲೋ ತೂಗುಹಾಕಿ.

ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀಂವ್‌ಗುಟ್ಟುತ್ತಿದ್ದರೆ ಚಳಿ, ಬಲ್ಬು ಇಳಿಸಿ. ಎಲ್ಲವೂ ಗೋಡೆಗಂಟಿ ಬಾಯಿ ತೆರೆದು ಕೂತಿದ್ದರೆ ಸೆಖೆ, ಎತ್ತಿ. ಒಂದೇ ಮೂಲೆಗೆ ಸೇರಿದ್ದರೆ ಎದುರು ಕಡೆಯಿಂದ ಗಾಳಿ ನುಗ್ಗುತ್ತಿದೆ. ಎಲ್ಲೆಡೆ ಚೆದುರಿ ಕಾಲು ಚಾಚಿ ಮಲಗಿದ್ದರೆ ನೀವೂ ಹೋಗಿ ಮಲಗಬಹುದು. ಸುತ್ತ ಒಂದೂವರೆ ಅಡಿ ಎತ್ತರದ ರಟ್ಟನ್ನು ದುಂಡಗೆ ನಿಲ್ಲಿಸಿ. ಮೂಲೆಯಿದ್ದರೆ ಮರಿಗಳು ಅಲ್ಲಿಗೇ ನುಗ್ಗಿ ಒಂದರಡಿ ಒಂದು ಸಿಕ್ಕಿ ಉಸಿರುಗಟ್ಟುತ್ತವೆ.

ಕರೆಂಟ್ ಹೋದರೆ ಕೆಂಡದ ಮಡಕೆ ಇಡಬಹುದಾ?

ಹಳ್ಳಿಗಳಲ್ಲಿ ಇಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮರಿಗಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರಿಗೂ ಅಪಾಯ. ಅದರ ಬದಲು ಗಟ್ಟಿ ಬಾಟಲಿಗಳಿಗೆ ಬಿಸಿನೀರು ತುಂಬಿ, ಹಳೇ ಟವೆಲ್ ಸುತ್ತಿ ಮರಿಗಳ ನಡುವೆ ಇಡಿ. ಎರಡು ಮೂರು ಗಂಟೆ ಕಾಯುತ್ತದೆ.

ಚಳಿಗಾಲ ಬಂದರೆ ಮೊಟ್ಟೆ ಯಾಕೆ ನಿಲ್ಲುತ್ತದೆ?

ಚಳಿಗಿಂತ ಹೆಚ್ಚಾಗಿ ಬೆಳಕು ಕಾರಣ. ಚೆನ್ನಾಗಿ ಮೊಟ್ಟೆ ಇಡಲು ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಹನ್ನೊಂದೂಕಾಲು ಗಂಟೆಯ ಆಸುಪಾಸು. ಬೀದರಿನಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಜೊತೆಗೆ ವರ್ಷ ದಾಟಿದ ಕೋಳಿಗಳು ಇದೇ ಹೊತ್ತಿಗೆ ಹಳೇ ಪುಕ್ಕ ಉದುರಿಸಿ ಹೊಸದು ತರಿಸಿಕೊಳ್ಳುತ್ತವೆ. ಪುಕ್ಕವೆಂದರೆ ಬಹುಪಾಲು ಪ್ರೋಟೀನ್. ತಿಂದದ್ದೆಲ್ಲ ಅದಕ್ಕೇ ಹೋಗುತ್ತದೆ, ಮೊಟ್ಟೆಗೆ ಉಳಿಯುವುದಿಲ್ಲ.

ಸ್ವರ್ಣಧಾರದಂಥ ವರ್ಷಕ್ಕೆ 180ರಷ್ಟು ಮೊಟ್ಟೆಯಿಡುವ ತಳಿ ಸಾಕಿದ್ದರೆ ಬೆಳಗಿನ ಜಾವ ಎರಡು ಮೂರು ಗಂಟೆ ಬೆಳಕು ಕೊಟ್ಟು ನೋಡಿ. ಇದಕ್ಕೆ 5–7 ವ್ಯಾಟಿನ ಎಲ್‌ಇಡಿ ಧಾರಾಳ. ಸಂಜೆ ಕೊಡಬೇಡಿ. ತಟ್ಟನೆ ದೀಪ ಆರಿದರೆ ಕೋಳಿ ಅಟ್ಟ ಹತ್ತಲಾಗದೆ ನೆಲದಲ್ಲೇ ಉಳಿಯುತ್ತದೆ. ಇನ್ನೂ ಮೊಟ್ಟೆಗೆ ಬರದ ಎಳೇ ಹ್ಯಾಟೆಗಳಿಗೂ ಈ ಬೆಳಕು ಬೇಡ.

ನಾಟಿ ಕೋಳಿಗೆ ಇಷ್ಟೆಲ್ಲ ಮಾಡುವುದು ದಂಡ ಅಂತ ನನ್ನ ಅಭಿಪ್ರಾಯ. ಅದು ಒಂದು ಸುತ್ತು ಇಟ್ಟು, ಕಾವಿಗೆ ಕೂತು, ಮರಿ ಸಾಕಿ, ಮತ್ತೆ ಇಡುವ ಜಾತಿ. ಎರಡು ತಿಂಗಳು ಬಿಡುವು ಕೊಡಿ.

ಚಳಿಗಾಲದಲ್ಲಿ ಕೋಳಿ ಕಾವಿಗೆ ಕೂರಿಸಬಹುದಾ?

ಕೂರಿಸಬಹುದು. ಮೊಟ್ಟೆ ಕಮ್ಮಿ ಇಡಿ. ಬೇಸಿಗೆಯಲ್ಲಿ ಹನ್ನೆರಡು ಇಡುವ ಕೋಳಿಗೆ ಈಗ ಎಂಟೋ ಒಂಬತ್ತೋ ಸಾಕು. ಅಂಚಿಗೆ ಹೋದ ಮೊಟ್ಟೆ ತಣ್ಣಗಾದರೆ ಒಳಗಿನ ಮರಿ ಸಾಯುತ್ತದೆ. ಬುಟ್ಟಿಯನ್ನು ಸಿಮೆಂಟ್ ನೆಲದ ಮೇಲೆ ಇಡದೆ ಹಲಗೆ ಮೇಲಿಟ್ಟು, ತಳಕ್ಕೆ ಬೂದಿ, ಮೇಲೆ ಹುಲ್ಲು ಹಾಕಿ. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಕೆಂಪು ನರದ ಬಲೆ ಕಾಣುತ್ತದೆ. ಕಾಣದ್ದನ್ನು ತೆಗೆದುಬಿಡಿ. ಮರಿ ಒಡೆಯುವ 21ನೇ ದಿನ ಸಂಕ್ರಾಂತಿ ಆಚೆ ಬೀಳುವ ಹಾಗೆ ಲೆಕ್ಕ ಹಾಕಿ ಕೂರಿಸುವುದು ಜಾಣತನ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಹೋಗುವಷ್ಟರಲ್ಲಿ ಮರಿಗೆ ಪುಕ್ಕ ಬಂದಿರುತ್ತದೆ.

ಮೇವಿನಲ್ಲಿ ಏನು ಬದಲಾವಣೆ?

ಚಳಿಯಲ್ಲಿ ಕೋಳಿ ಮೈಬಿಸಿ ಕಾಯಲು ಸ್ವಲ್ಪ ಜಾಸ್ತಿ ತಿನ್ನುತ್ತದೆ. ಗೂಡು ಸೇರುವ ಅರ್ಧ ಗಂಟೆ ಮುಂಚೆ ಒಂದೊಂದು ಕೋಳಿಗೂ ಒಂದು ಸಣ್ಣ ಹಿಡಿ ಮುಸುಕಿನ ಜೋಳದ ನುಚ್ಚೋ ಸಜ್ಜೆಯೋ ಹಾಕಿ. ತುಂಬಿದ ಕೊರಳಚೀಲ ರಾತ್ರಿಯಿಡೀ ಕರಗುತ್ತಾ ಬಿಸಿ ಕೊಡುತ್ತದೆ. ಪುಕ್ಕ ಬದಲಿಸುತ್ತಿರುವ ಕೋಳಿಗೆ ಒಣಮೀನಿನ ಪುಡಿ, ಅಜೋಲಾ ಒಳ್ಳೆಯದು. ಗೆದ್ದಲು ಸಿಕ್ಕರಂತೂ ಹಬ್ಬ. ಹಳೇ ಮಡಕೆಗೆ ಸಗಣಿ, ಹುಲ್ಲು, ಗೋಣಿಚೂರು ತುಂಬಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಬೋರಲು ಹಾಕಿದರೆ ಮಾರನೇ ದಿನ ತುಂಬಿರುತ್ತದೆ.

ಬೂಷ್ಟಿನ ಬಗ್ಗೆ ಎಚ್ಚರ. ದಾವಣಗೆರೆ, ಹಾವೇರಿ ಕಡೆಯ ಹೊಸ ಮೆಕ್ಕೆಜೋಳ ಪೇಟೆಗೆ ಬರುವುದು ಇದೇ ಸಮಯದಲ್ಲಿ. ಕೊಯ್ಲಿನ ಹೊತ್ತಿಗೆ ಮಳೆ ಸಿಕ್ಕಿದ್ದರೆ ಕಾಳು ಸರಿಯಾಗಿ ಒಣಗಿರುವುದಿಲ್ಲ. ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಎರಡರಲ್ಲೂ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ. ತೊಳೆದರೂ ಹೋಗುವುದಿಲ್ಲ, ಬಿಸಿಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಕಾಳನ್ನು ಹಲ್ಲಲ್ಲಿ ಕಚ್ಚಿ ನೋಡಿ. ಕಟಕ್ ಅಂತ ಒಡೆದರೆ ತೆಗೆದುಕೊಳ್ಳಿ, ಮೆತ್ತಗೆ ನಜ್ಜಾದರೆ ಬೇಡ. ಚೀಲವನ್ನು ಗೋಡೆಗೆ ಒರಗಿಸದೆ ಹಲಗೆ ಮೇಲಿಡಿ.

ನೀರು ಬಿಸಿ ಮಾಡಿ ಕೊಡಬೇಕಾ?

ಬೇಕಿಲ್ಲ. ರಾತ್ರಿಯ ತಣ್ಣನೆ ನೀರನ್ನು ಚೆಲ್ಲಿ, ಬೆಳಿಗ್ಗೆ ಬಾವಿಯಿಂದ, ಬೋರ್‌ನಿಂದ ಆಗತಾನೇ ಬಂದ ನೀರು ಕೊಡಿ. ಅದು ಉಗುರುಬೆಚ್ಚಗೇ ಇರುತ್ತದೆ. ನೀರು ಕಮ್ಮಿ ಕುಡಿದರೆ ಮೇವೂ ಕಮ್ಮಿ ತಿನ್ನುತ್ತದೆ. ಪಾತ್ರೆಯನ್ನು ಗೂಡಿನ ಹೊರಗಿಟ್ಟರೆ ಹಾಸು ಒದ್ದೆಯಾಗುವ ಅರ್ಧ ಕಾಟ ತಪ್ಪುತ್ತದೆ.

ಅಟ್ಟ ಹೇಗಿರಬೇಕು?

ಎರಡು ಅಂಗುಲ ಅಗಲದ ರೀಪರನ್ನು ಚಪ್ಪಟೆ ಮೈ ಮೇಲೆ ಬರುವಂತೆ ಹೊಡೆಯಿರಿ, ಅಂಚು ಸ್ವಲ್ಪ ಉಜ್ಜಿ. ಆಗ ಕೋಳಿ ಕೂತರೆ ಹೊಟ್ಟೆಯ ಪುಕ್ಕ ಕಾಲ್ಬೆರಳನ್ನು ಮುಚ್ಚುತ್ತದೆ. ಕಬ್ಬಿಣದ ಪೈಪು ಕಾಲಿನ ಬಿಸಿ ಹೀರುತ್ತದೆ, ಬೇಡ. ಕೋಳಿಗೆ ಎಂಟು ಹತ್ತು ಅಂಗುಲ ಜಾಗ. ಬಿದಿರು ಹಾಕಿದ್ದರೆ ಅದರ ಸೀಳು, ಗಿಣ್ಣುಗಳಲ್ಲಿ ಕೆಂಪು ನುಸಿ, ಉಣ್ಣೆ ಅಡಗುತ್ತವೆ. ರಾತ್ರಿ ಬಂದು ರಕ್ತ ಹೀರಿ ಬೆಳಗಾಗುವಷ್ಟರಲ್ಲಿ ಸಂದಿ ಸೇರುತ್ತವೆ. ಹಗಲು ಕೋಳಿಯ ಮೈಯಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಬೇವಿನೆಣ್ಣೆ ಸವರಿ. ಬಿಸಿಲು ಬೀಳುವ ಕಡೆ ಒಲೆಬೂದಿ, ಮರಳು ಬೆರೆಸಿ ಒಂದು ಗುಂಡಿ ಮಾಡಿಕೊಟ್ಟರೆ ಉಳಿದದ್ದನ್ನು ಕೋಳಿಯೇ ನೋಡಿಕೊಳ್ಳುತ್ತದೆ.

ಯಾವ ಲಸಿಕೆ ಹಾಕಿಸಬೇಕು?

ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲು. ಹಸಿರು ಬೇಧಿ, ಕುತ್ತಿಗೆ ತಿರುಚುವುದು, ಒಂದು ವಾರದಲ್ಲಿ ಗೂಡೇ ಖಾಲಿ. ಬಂದ ಮೇಲೆ ಔಷಧಿ ಇಲ್ಲ. ಮರಿಗೆ 5–7ನೇ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌2ಬಿ ಚುಚ್ಚುಮದ್ದು. ಸಿಡುಬಿನ ಲಸಿಕೆ 6–8 ವಾರದಲ್ಲಿ ರೆಕ್ಕೆಗೆ. ಮಳೆ ನಿಂತ ಮೇಲೆ ಸೊಳ್ಳೆ ಜಾಸ್ತಿ, ಸಿಡುಬನ್ನು ಹರಡುವುದೂ ಅವೇ. ಬಂದ ಗಂಟಿಗೆ ಬೇವಿನೆಣ್ಣೆ, ಅರಿಶಿನ ಹಚ್ಚುತ್ತಾರೆ. ಗಾಯ ಒಣಗಲು ಅದು ಸಹಾಯ ಮಾಡೀತು, ವೈರಸ್ಸಿಗೆ ಏನೂ ಆಗುವುದಿಲ್ಲ.

ಲಸಿಕೆ ಬಾಟಲಿ ಸಾಮಾನ್ಯವಾಗಿ ನೂರು ಡೋಸಿನದು, ತೆರೆದು ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಗೆ ಯಾರು ಒಡೆಯುತ್ತಾರೆ? ಬೀದಿಯವರೆಲ್ಲ ಸೇರಿ ಒಂದೇ ದಿನ ಹಾಕಿಸಿ. ಪಕ್ಕದ ಮನೆ ಕೋಳಿಗೆ ಲಸಿಕೆ ಆಗದಿದ್ದರೆ ನಿಮ್ಮದಕ್ಕೂ ಅಪಾಯವೇ. ಫ್ಲಾಸ್ಕಿನಲ್ಲಿ ಐಸ್ ಹಾಕಿಕೊಂಡು ತನ್ನಿ. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಮಳೆಗಾಲದ ಜಂತುಹುಳಕ್ಕೂ ಔಷಧಿ ಕೇಳಿ ತನ್ನಿ.

ಹಕ್ಕಿ ಜ್ವರದ ಭಯ ಇದೆಯಾ?

ನಮ್ಮ ರಾಜ್ಯದಲ್ಲಿ 2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು, 2025ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಕಾಣಿಸಿಕೊಂಡಿದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಕಡೆ ವಲಸೆ ಹಕ್ಕಿಗಳು ಬರುತ್ತವೆ. ಕೆರೆಗೆ ಹತ್ತಿರದ ಮನೆಯವರು ಕೋಳಿಯನ್ನು ದಂಡೆಗೆ ಮೇಯಲು ಬಿಡಬೇಡಿ, ಕೆರೆ ನೀರು ಕುಡಿಸಬೇಡಿ. ಒಮ್ಮೆಲೇ ನಾಲ್ಕೈದು ಕೋಳಿ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ಯಲೂ ಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಸಂತೆಯಿಂದ, ಜಾತ್ರೆಯಿಂದ ತಂದ ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆಯೇ ಕಟ್ಟಿ.

ಚಳಿಗಾಲದಲ್ಲಿ ಮುಂಗುಸಿ, ಕಬ್ಬೆಕ್ಕಿನ ಕಾಟ ಜಾಸ್ತಿಯಾ?

ರಾತ್ರಿ ಉದ್ದ, ಕಬ್ಬೆಕ್ಕಿಗೆ ಸಮಯ ಜಾಸ್ತಿ. ಮುಂಗುಸಿ ಬರುವುದು ಹಗಲಲ್ಲಿ. ಷಟ್ಕೋನದ ಕೋಳಿ ಜಾಲರಿ ಕೋಳಿಯನ್ನು ಒಳಗಿಡಲು ಸಾಕು, ಕಳ್ಳರನ್ನು ಹೊರಗಿಡಲು ಸಾಲದು. ನಾಯಿ ಹರಿಯುತ್ತದೆ. ಕೆಳಗಿನ ಎರಡು ಅಡಿಗೆ ಅರ್ಧ ಅಂಗುಲದ ವೆಲ್ಡ್ ಜಾಲರಿ ಹೊಡೆದು, ಒಂದು ಅಡಿ ಮಣ್ಣಿನೊಳಗೆ ಇಳಿಸಿ. ಮೇಲೆ ಗಾಳಿಗೆ ಬಿಟ್ಟ ಜಾಗಕ್ಕೂ ಇದೇ ಜಾಲರಿ ಇರಲಿ, ಕಬ್ಬೆಕ್ಕು ಬರುವುದು ಮೇಲಿನಿಂದ.

ನಾವು ಕೆನಡಾದಲ್ಲಿದ್ದೇವೆ. ಇಲ್ಲಿ ಹಿಮ ಬೀಳುತ್ತದೆ. ಇದೆಲ್ಲ ಇಲ್ಲಿಗೂ ಸರಿಯಾ?

ತೇವದ ಮಾತು ಅಲ್ಲಿ ಇನ್ನೂ ಹೆಚ್ಚು ಸರಿ. ಸೊನ್ನೆಗಿಂತ ಕೆಳಗೆ, ಒಳಗೆ ತೇವ ನಿಂತ ಗೂಡಿನಲ್ಲಿ ಜುಟ್ಟಿನ ತುದಿ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ದೊಡ್ಡ ಜುಟ್ಟಿನ ಹುಂಜಕ್ಕೆ ಮೊದಲು. ಹಾಸು ಇನ್ನೂ ದಪ್ಪ, ಮೇಲೆ ಗಾಳಿಕಿಂಡಿ, ನೀರು ಹೆಪ್ಪುಗಟ್ಟದಂತೆ ಬಿಸಿ ಮಾಡುವ ಪಾತ್ರೆ, ಚಿಕ್ಕ ಜುಟ್ಟಿನ ತಳಿ. ಇಷ್ಟಿದ್ದರೆ ದೊಡ್ಡ ಕೋಳಿಗೆ ಅಲ್ಲೂ ಹೀಟರ್ ಇಲ್ಲದೆ ನಡೆಯುತ್ತದೆ.

ಚಳಿ ಮುಗಿದ ಮೇಲೆ ಹಾಸನ್ನು ಏನು ಮಾಡಲಿ?

ಮಾರ್ಚ್ ಬರುವಷ್ಟರಲ್ಲಿ ತೆಗೆಯಿರಿ. ನಾಲ್ಕು ಅಂಗುಲ ಹಾಸಿನ ಮೇಲೆ ಬೇಸಿಗೆ ಕಳೆಯುವುದು ಕೋಳಿಗೆ ಕಷ್ಟ. ನೇರ ಗಿಡದ ಬುಡಕ್ಕೆ ಹಾಕಬೇಡಿ, ಹಸಿ ಕೋಳಿಗೊಬ್ಬರ ಬೇರು ಸುಡುತ್ತದೆ. ತರಗೆಲೆ, ಸಗಣಿ ಜೊತೆ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ತೇವ ಮಾಡಿ ಮುಚ್ಚಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ ಕಳಿಯುತ್ತದೆ. ಮುಂಗಾರು ಬೀಳುವ ಹೊತ್ತಿಗೆ ತೆಂಗು, ನುಗ್ಗೆ, ಬಾಳೆ ಯಾವುದಕ್ಕೆ ಬೇಕಾದರೂ ಕೊಡಿ.